ಮಳೆಗಾಲ ಕಾಣದ ಗಿಡ

ಯಾರ ಮನೆಗೆ ಹೋದರೂ ಗಿಡದ ಒಂದು ಗೆಲ್ಲು ಮುರಿದುಕೊಳ್ಳದೆ ವಾಪಸು ಬಂದರೆ ನನಗೆ ಏನೋ ಮರೆತು ಬಂದ ಹಾಗಾಗುತ್ತದೆ. ಮದುವೆಯ ಮನೆಯಿರಲಿ, ಸತ್ತವರ ಬೊಜ್ಜದ ಊಟವಿರಲಿ, ಕೈ ತೊಳೆದವಳು ಸೀದಾ ಹೋಗಿ ನಿಲ್ಲುವುದು ಬೇಲಿಯ ಬುಡದಲ್ಲಿ. “ಒಂದ್ ಗೆಲ್ಲ್ ಮುರ್ಕಂತೆ ಹಾಂ?” ಎಂದು ಕೇಳುತ್ತೇನೆ. ಅವರು ಹೂಂ ಎನ್ನುವಷ್ಟರಲ್ಲಿ ಗೆಲ್ಲು ನನ್ನ ಕೈಯಲ್ಲಿರುತ್ತದೆ. ನಮ್ಮನೆಯವರು ಆ ಹೊತ್ತಿಗೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಲು ಶುರು ಮಾಡುತ್ತಾರೆ. ಮೊನ್ನೆ ಬ್ಯಾಂಕಿನಲ್ಲಿ ಪಾಸ್‌ಬುಕ್ಕೆಂದು ಬ್ಯಾಗಿನೊಳಗೆ ಕೈ ಹಾಕಿ ಎಳೆದರೆ ಒದ್ದೆ ಬಾಳೆಎಲೆಯಲ್ಲಿ ಸುತ್ತಿದ ಕ್ರೋಟನ್ ಗೆಲ್ಲು ಹೊರಗೆ ಬಂತು. ಕೌಂಟರಿನ ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. “ನಿಮ್ಗೆ ಬೇಕಾ?” ಎಂದು ಕೇಳಿದೆ. ಮತ್ತೇನು ಮಾಡಲಿ!

ಈ ಚಾಳಿ ನನಗೆ ತವರಿನಿಂದ ಬಂದದ್ದಲ್ಲ, ಅತ್ತೆಯಿಂದ ಬಂದದ್ದು. ಅಷ್ಟೆಲ್ಲ ಗೆಲ್ಲು ಮುರಿದರೂ, ಮುರಿದು ನೆಟ್ಟರೆ ಬಾರದ ಗಿಡವೊಂದು ನನ್ನ ಬಾಳಿನಲ್ಲಿ ಇದೆ. ಗಿಡವೆಂದರೆ ನೆಡುವಾಗ ಕೈಗೆ ಮಣ್ಣಾಗುವ ವಸ್ತು ಮಾತ್ರ ಎಂದು ತಿಳಿದವರಿಗೆ ಮುಂದಿನದ್ದು ಸ್ವಲ್ಪ ಅತಿಯೆನಿಸಬಹುದು. ನಮ್ಮ ಅತ್ತೆಯನ್ನು ನೀವು ನೋಡಿಲ್ಲವಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಉಪ್ಪುಂದದಲ್ಲಿ ನಮ್ಮ ಮನೆ ಹೆದ್ದಾರಿಯ ಮೂಡು ಬದಿಗೆ ಇದೆ. ಬಾಗಿಲಿನಲ್ಲಿ ನಿಂತರೆ ಮುಂದೆ ಅಂಗಳ, ಅದರಾಚೆ ರಸ್ತೆ, ಇನ್ನೂ ಆಚೆ ತೆಂಗಿನ ತೋಟಗಳ ಸಂದಿಯಲ್ಲಿ ಸಮುದ್ರದ ಸದ್ದು. ತೊಂಬತ್ತೇಳರ ಡಿಸೆಂಬರಿನಲ್ಲಿ ನಾನು ಸೊಸೆಯಾಗಿ ಬಂದಾಗ ಆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಹೂವಿನ ಗಿಡಗಳು. ಆದರೆ ಯಾವುದಕ್ಕೂ ದಾಸವಾಳ, ಮಲ್ಲಿಗೆ ಎಂಬ ಹೆಸರಿಲ್ಲ. ಬಂದ ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದಲೇ ಕೂಗಿ ಕೇಳಿದರು:

“ಹ್ವಾಯ್, ಕೋಟೇಶ್ವರಕ್ಕೆ ನೀರ್ ಹೊಯ್ದಾಯ್ತಾ? ಯಡ್ತರೆಗೆ ಗೆದ್ಲ್ ಬಂದಿತ್, ಕಾಣಿ!”

ಕೇಳಿದ್ದು ಮಾವನವರನ್ನು. ಅವರು ಕೊಡಪಾನ ಹಿಡಿದು ಓಡಿದರು. ಎರಡು ದಿನ ಕಳೆದ ಮೇಲೆ ನನಗೆ ವಿಷಯ ತಿಳಿಯಿತು. ಗಿಡ ಯಾರ ಮನೆಯಿಂದ ಬಂತೋ ಆ ಊರೇ ಅದರ ಹೆಸರು. ಅತ್ತೆಯ ಅಕ್ಕ ಕೊಟ್ಟ ಬಿಳಿ ದಾಸವಾಳ ಕೋಟೇಶ್ವರ. ಮಾವನ ಸೋದರತ್ತೆಯ ಮನೆಯ ಮಲ್ಲಿಗೆ ಕಿರಿಮಂಜೇಶ್ವರ. ಮನೆಯ ಹಂಚಿನ ಮಾಡಿನ ಎತ್ತರಕ್ಕೆ ಬೆಳೆದು ನಿಂತ ನಂದಿಬಟ್ಟಲು ಯಡ್ತರೆ. ಯಡ್ತರೆ ಎಂದರೆ ಅತ್ತೆಯ ತವರು. ಅವರು ಮದುವೆಯಾಗಿ ಬರುವಾಗ ತಂದು ನೆಟ್ಟ ಗಿಡ ಅದು. ಸೋದರತ್ತೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಕಿರಿಮಂಜೇಶ್ವರ ದಿನಾ ಒಂದು ಬೊಗಸೆ ಹೂ ಕೊಡುತ್ತಲೇ ಇತ್ತು. ಹೂ ಕೊಯ್ಯುವಾಗ ಅತ್ತೆ ಆಕೆಯ ಜೊತೆ ಮಾತಾಡುವುದನ್ನು ನಾನೇ ಕೇಳಿದ್ದೇನೆ.

ಹೆಸರು ಸಿಗುವುದಕ್ಕೆ ಒಂದು ಕಾನೂನಿತ್ತು. ಗಿಡ ನೆಟ್ಟ ಮೇಲೆ ಒಂದು ಮಳೆಗಾಲ ಕಳೆಯಬೇಕು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ಜೂನಿನಲ್ಲಿ ಶುರುವಾದರೆ ಬುಡದ ಮಣ್ಣನ್ನೇ ತೊಳೆದುಕೊಂಡು ಹೋಗುತ್ತದೆ. ಅದನ್ನು ದಾಟಿ ನಿಂತ ಗಿಡ ಮಾತ್ರ ಮನೆಯದು. ಅಲ್ಲಿಯವರೆಗೆ ಅದರ ಹೆಸರು ಬರೀ “ಹೊಸ್ತ್”. ಸೊಸೆಯಾಗಿ ಬಂದವಳೂ ತವರಿನಿಂದ ಒಂದು ಗಿಡ ತಂದು ತನ್ನ ಕೈಯಿಂದಲೇ ನೆಡಬೇಕು. ಅದು ಹಿಡಿದರೆ ಸೊಸೆಯೂ ಹಿಡಿದಳು ಎಂದು ಲೆಕ್ಕ. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಹೇಳದಿದ್ದರೆ ಅರ್ಥವಾಗುವುದಿಲ್ಲವೇ?

ಇದನ್ನು ತಿಳಿದೇ ನನ್ನ ಅಮ್ಮ ನನ್ನ ತವರೂರು ಬಾರ್ಕೂರಿನ ಮನೆಯಲ್ಲಿ ಜಾಜಿಯ ಗೆಲ್ಲೊಂದನ್ನು ಬೇರು ಬರಿಸಿ ಇಟ್ಟಿದ್ದಳು. ನಾನು ಬೇಡವೆಂದೆ. ಎಲ್ಲರೂ ಜಾಜಿ ಮಲ್ಲಿಗೆ ತರುತ್ತಾರೆ, ನಾನು ತಂದದ್ದನ್ನು ಊರೇ ನಿಂತು ನೋಡಬೇಕು ಎಂಬ ಕೊಬ್ಬು. ನಾನು ಆರಿಸಿದ್ದು ಸೂರ್ಯಕಾಂತಿ.

ಅಪ್ಪಯ್ಯ ಹಂಚಿನ ಲಾರಿ ಓಡಿಸುತ್ತಿದ್ದರು. ಸಣ್ಣವಳಿರುವಾಗ ಒಂದು ರಜೆಯಲ್ಲಿ ಹಟ ಮಾಡಿ ಅವರ ಜೊತೆ ಲಾರಿ ಹತ್ತಿ ಘಟ್ಟದ ಮೇಲೆ ಹೋಗಿದ್ದೆ. ದಾರಿಯುದ್ದ ವಾಂತಿ ಮಾಡಿ ಕಣ್ಣು ಬಿಟ್ಟಾಗ ಹುಬ್ಬಳ್ಳಿಯ ದಾರಿಯಲ್ಲಿ ರಸ್ತೆಯ ಎರಡೂ ಬದಿಗೆ ಹಳದಿ. ಒಂದಲ್ಲ, ಹತ್ತಲ್ಲ, ಕಣ್ಣು ಹೋಗುವಷ್ಟು ದೂರ ಹೂವುಗಳೇ ಒಂದೇ ಕಡೆಗೆ ಮುಖ ಮಾಡಿಕೊಂಡು ನಿಂತಿದ್ದವು. ನಮ್ಮೂರಿನಲ್ಲಿ ಗದ್ದೆಯೆಂದರೆ ಹಸಿರು, ಇಲ್ಲವೇ ಕೆಸರು. ಗದ್ದೆಯಲ್ಲಿ ಹೂ ಬೆಳೆಯುತ್ತಾರೆ ಎಂಬುದೇ ನನಗೆ ಹೊಸತು. ಮದುವೆ ನಿಶ್ಚಯವಾದ ಮೇಲೆ ಅಪ್ಪಯ್ಯನಿಗೆ ಹೇಳಿ ಅಲ್ಲಿಂದ ಬೀಜ ತರಿಸಿದೆ. ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ಬಿತ್ತಿದೆ. ಬೀಜದ ಸಿಪ್ಪೆಯನ್ನು ಟೊಪ್ಪಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡೇ ಮೊಳಕೆ ಮೇಲೆ ಬಂತು. ಎರಡು ದಪ್ಪ ಎಲೆ ಬಿಡಿಸಿದಾಗ ಟೊಪ್ಪಿ ಕೆಳಗೆ ಬಿತ್ತು. ದಿಬ್ಬಣದ ವ್ಯಾನಿನಲ್ಲಿ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಉಪ್ಪುಂದಕ್ಕೆ ಬಂದೆ. ಧಾರೆ ಸೀರೆಗೆಲ್ಲ ಮಣ್ಣು.

“ಇದೆಂತ ಗಿಡ ಹೆಣ್ಣೇ?” ಎಂದರು ಅತ್ತೆ.

“ಸೂರ್ಯಕಾಂತಿ, ಅತ್ತೆ. ತಟ್ಟೆಯಷ್ಟ್ ದೊಡ್ಡ ಹೂಗ್ ಬಿಡ್ತ್.”

“ತಟ್ಟೆಯಷ್ಟಾ!” ಅತ್ತೆಯ ಮುಖ ಅರಳಿತು. ರಸ್ತೆಗೆ ಕಾಣುವ ಹಾಗೆ ಬೇಲಿಯ ಹತ್ತಿರ ಜಾಗ ತೋರಿಸಿದರು.

ಆಮೇಲೆ ಅದು ಬೆಳೆದ ರಭಸ ನೋಡಬೇಕಿತ್ತು. ಉಳಿದ ಗಿಡಗಳು ಬೇರು ಹಿಡಿಯುವುದೋ ಬೇಡವೋ ಎಂದು ಯೋಚಿಸುವ ಹೊತ್ತಿಗೆ ಇದು ನನ್ನ ಭುಜಕ್ಕೆ ಬಂದಿತ್ತು. ಬೆಳಿಗ್ಗೆ ಘಟ್ಟದ ಕಡೆ ಬಾಗಿದ್ದ ತುದಿ ಸಂಜೆಗೆ ಸಮುದ್ರದ ಕಡೆ ಇರುತ್ತಿತ್ತು. ಮತ್ತೆ ಬೆಳಗಾಗುವಾಗ ಘಟ್ಟದ ಕಡೆಗೇ ಬಂದು ಕಾಯುತ್ತಿತ್ತು. ಪಕ್ಕದ ಮನೆಯ ಗುಲಾಬಿಯಕ್ಕ ದಿನಾ ಬಂದು ಹಣೆಗೆ ಕೈಯಿಟ್ಟು ನೋಡಿ ಹೋಗುತ್ತಿದ್ದರು. ನಾನು ಗಿಡದ ಪಕ್ಕದಲ್ಲೇ ನಿಂತು ಬಟ್ಟೆ ಒಣಗಿಸುತ್ತಿದ್ದೆ, ಕೇಳಿದವರಿಗೆ ಉತ್ತರ ಹೇಳಲು ಸುಲಭವಾಗಲಿ ಎಂದು.

ಮೊಗ್ಗು ಬಿರಿದು ಹೂವಾದ ಮೇಲೆ ಅದು ತಿರುಗುವುದನ್ನು ನಿಲ್ಲಿಸಿತು. ಮೂಡು ದಿಕ್ಕಿಗೆ ಮುಖ ಮಾಡಿ ನಿಂತುಬಿಟ್ಟಿತು. ರಸ್ತೆ ಇರುವುದು ಪಡುವಣಕ್ಕೆ! ಬಸ್ಸಿನಲ್ಲಿ ಹೋಗುವವರಿಗೆ ಕಂಡದ್ದು ಬರೀ ಹಸಿರು ಬೆನ್ನು. ಊರಿಗೆ ತೋರಿಸಬೇಕೆಂದು ತಂದ ಗಿಡ ಊರಿಗೇ ಬೆನ್ನು ಹಾಕಿತ್ತು. ನನಗೆ ಅಳು ಬರುವುದೊಂದು ಬಾಕಿ. ಅತ್ತೆ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು.

“ನಮ್ಮನಿ ಬದಿಗೇ ಕಾಣ್ತ್ ಇತ್. ಕಾಣ್ಲಿ. ಬೇರೆಯರ್ ಮನಿ ಕಾಂಬುದ್ ಎಂತಕ್ಕೆ?” ಎಂದರು. ಆ ದಿನ ಮೊದಲ ಸಲ ನನಗೆ ಈ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಬೇಕೆನಿಸಿತು.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಹಳದಿ ಎಸಳುಗಳು ಬಾಡಿದವು. ಬುಡದ ಎಲೆಗಳು ಹಣ್ಣಾದವು, ಅದರ ಮೇಲಿನವು, ಅದರ ಮೇಲಿನವು. ತಲೆ ಮಾತ್ರ ದಿನದಿಂದ ದಿನಕ್ಕೆ ಭಾರವಾಗಿ ಕೆಳಗೆ ಬಾಗಿತು. ಸೊಸೆಯ ಗಿಡ ಮಳೆಗಾಲದವರೆಗೂ ನಿಲ್ಲದಿದ್ದರೆ ಏನು ಅರ್ಥ? ಗುಲಾಬಿಯಕ್ಕ ಬೇಲಿಯಾಚೆಯಿಂದಲೇ ಕೇಳಿದರು: “ಅದ್ ಎಂತಕ್ಕೆ ತಲಿ ಅಡಿ ಹಾಕ್ಕಂಡಿತ್?” ನನ್ನನ್ನೇ ಕೇಳಿದ ಹಾಗಾಯಿತು.

ಸಾಯಲು ಬಿಡುವುದಿಲ್ಲ ಎಂದು ಹಟ ತೊಟ್ಟೆ. ಯಾರೂ ಏಳುವ ಮೊದಲು ಒಂದು ಕೊಡಪಾನ ನೀರು, ಮಧ್ಯಾಹ್ನ ಒಲೆಯ ಬೂದಿ, ಸಂಜೆ ಮೀನು ತೊಳೆದ ನೀರು. ತಲೆ ಬಾಗಬಾರದೆಂದು ಪಕ್ಕದಲ್ಲಿ ಗೂಟ ಹುಗಿದು, ಹೂವಿನ ಕುತ್ತಿಗೆಗೆ ಹಳೆ ಸೀರೆಯ ಸೆರಗು ಸುತ್ತಿ, ಸೂರ್ಯನಿಗೆ ಮುಖ ತೋರಿಸುವ ಹಾಗೆ ಎತ್ತಿ ಕಟ್ಟಿದೆ. ಪೆಟ್ಟಾದ ಕೈಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಆದರೂ ಒಂದು ವಿಚಿತ್ರ. ನಾನು ನೀರು ಹೊಯ್ಯಲು ಹೋದಾಗಲೆಲ್ಲ ಬುಡ ಮೊದಲೇ ಒದ್ದೆಯಾಗಿರುತ್ತಿತ್ತು. ನಾನು ಹಾಕದ ಸೆಗಣಿಯೂ ಬುಡದಲ್ಲಿ ಬಿದ್ದಿರುತ್ತಿತ್ತು.

ಒಂದು ಬೆಳಿಗ್ಗೆ ಕೊಡಪಾನ ಹಿಡಿದು ಹೋದರೆ ಅತ್ತೆಯೂ ಕೊಡಪಾನ ಹಿಡಿದು ನಿಂತಿದ್ದಾರೆ.

“ನೀನೂ ಹೊಯ್ತಿಯಾ?”

“ಹೌದ್ ಅತ್ತೆ. ನೀವೂ ಹೊಯ್ತ್ರ್ಯಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಅಂಜಿದ್ದು ಅತ್ತೆ ಏನು ತಿಳಿಯುತ್ತಾರೋ ಎಂದು. ಅವರು ಅಂಜಿದ್ದು ಗಿಡ ಸತ್ತರೆ ನಾನು ಮನಸ್ಸಿಗೆ ಹಚ್ಚಿಕೊಂಡು ತವರಿನ ದಾರಿ ಹಿಡಿಯುತ್ತೇನೋ ಎಂದು. ಅಷ್ಟು ದಿನ ನಾವಿಬ್ಬರೂ ಒಂದೇ ಗಿಡಕ್ಕೆ ಗುಟ್ಟಾಗಿ ಚಾಕರಿ ಮಾಡಿದ್ದೆವು. ಅದು ಇಬ್ಬರನ್ನೂ ಲೆಕ್ಕಕ್ಕಿಡದೆ ಒಣಗುತ್ತಲೇ ಇತ್ತು. ಗೆಲ್ಲಾದರೂ ಉಳಿಯಲಿ ಎಂದು ಅತ್ತೆ ಕಾಂಡದ ಬದಿಯಲ್ಲಿ ಒಡೆದಿದ್ದ ಕವಲೊಂದನ್ನು ಕೊಯ್ದು ನೆರಳಿನಲ್ಲಿ ನೆಟ್ಟರು. ಅವರ ಕೈಯಲ್ಲಿ ಒಣ ಕಟ್ಟಿಗೆಯೂ ಚಿಗುರುತ್ತದೆ ಎಂದು ಊರೆಲ್ಲ ಹೆಸರು. ಈ ಗೆಲ್ಲು ಸಂಜೆಯೊಳಗೆ ಕರಟಿತು. ಅತ್ತೆಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಗಿಳಿಗಳು ಬಂದವು. ಒಂದಲ್ಲ, ಒಂದು ಹಿಂಡು. ಒಣಗಿದ ಹೂವಿನ ಮೇಲೆ ತಲೆಕೆಳಗಾಗಿ ನೇತಾಡಿಕೊಂಡು ಕುಟುಕತೊಡಗಿದವು. “ಸಾಯ್ತಾ ಇಪ್ಪುದನ್ನೂ ಬಿಡ್ತಿಲ್ಯಲೆ ನೀವ್!” ಎಂದು ಅತ್ತೆ ಅಂಗಳ ಗುಡಿಸುವ ಹಿಡಿಸೂಡಿ ಬೀಸಿಕೊಂಡು ಓಡಿದರು. ಗಿಳಿಗಳು ಹಾರಿದವು. ಕಪ್ಪು ಬಿಳಿ ಗೀರಿನ ಬೀಜಗಳು ಅಂಗಳದ ತುಂಬ ಚೆಲ್ಲಿದವು. ಅತ್ತೆ ಒಂದನ್ನು ಹೆಕ್ಕಿದರು. ಉಗುರಿನಲ್ಲಿ ಒತ್ತಿ ನೋಡಿದರು. ಆಮೇಲೆ ಹಲ್ಲಿನ ನಡುವೆ ಇಟ್ಟು ಕಟಂ ಎಂದು ಕಡಿದರು. ಕೊಯ್ಲಿನ ಮೊದಲು ಗದ್ದೆಯ ಅಂಚಿನಲ್ಲಿ ನಿಂತು ಭತ್ತದ ಕಾಳು ಕಡಿದು ನೋಡುವುದು ಹಾಗೆಯೇ.

ಕಡಿದವರು ಹಾಗೇ ನಿಂತರು. ಆಮೇಲೆ ನಗಲು ಶುರು ಮಾಡಿದರು. ಹಿಡಿಸೂಡಿ ಕೆಳಗೆ ಬಿತ್ತು.

“ಹೆಣ್ಣೇ, ಇದ್ ಹೂಗಿನ ಜಾತಿ ಅಲ್ಲ ಮಾರಾಯ್ತಿ, ಭತ್ತದ ಜಾತಿ! ಕಾಳ್ ಗಟ್ಟಿ ಆಯ್ತ್. ಇನ್ನ್ ಅದ್ ಸಾಯ್ದೆ ಎಂತ ಮಾಡ್ತ್? ಭತ್ತ ಬೆಳ್ದ್ ಮೇಲೆ ಪೈರ್ ಹಸ್ರೇ ಇರ್ಕ್ ಅಂದ್ರೆ ಆತ್ತಾ?”

ಹುಟ್ಟಿದಾಗಿನಿಂದ ಗದ್ದೆಯಲ್ಲೇ ಬೆಳೆದ ಇಬ್ಬರು ಹೆಂಗಸರಿಗೆ ಇದು ಹೊಳೆಯಲಿಲ್ಲ ನೋಡಿ. ಪೈರು ಹಣ್ಣಾದರೆ ನಾವು ಅಳುವುದಿಲ್ಲ, ಕತ್ತಿ ಮಸೆಯುತ್ತೇವೆ. ಆದರೆ ಹೂವೆಂದ ಕೂಡಲೇ ನಮ್ಮ ತಲೆಗೆ ಬಂದದ್ದು ದಾಸವಾಳ. ಕೊಯ್ದಷ್ಟೂ ಬಿಡಬೇಕು, ವರ್ಷ ವರ್ಷ ನಿಲ್ಲಬೇಕು. ದಾಸವಾಳ ತನಗೆಂದು ಸ್ವಲ್ಪ ಉಳಿಸಿಕೊಂಡು ಹೂ ಬಿಡುವ ಗಿಡ. ಸೂರ್ಯಕಾಂತಿಗೆ ಆ ಜಾಣತನವಿಲ್ಲ. ಬೇರು ಕುಡಿದದ್ದು, ಎಲೆ ಬಿಸಿಲಲ್ಲಿ ನಿಂತು ಗಳಿಸಿದ್ದು, ಕಾಂಡದಲ್ಲಿ ಕೂಡಿಟ್ಟದ್ದು ಎಲ್ಲವನ್ನೂ ಬಳಿದು ತಲೆಗೆ ಕಳಿಸುತ್ತದೆ. ಬೀಜ ತುಂಬುತ್ತಾ ಬಂದ ಹಾಗೆ ಎಲೆ ಬರಿದಾಗುತ್ತದೆ. ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ, ಭಾರದಿಂದ. ನಾನೋ, ಅದರ ಕುತ್ತಿಗೆಗೆ ಸೆರಗು ಕಟ್ಟಿ ಎತ್ತಿ ಹಿಡಿದಿದ್ದೆ! ಬೀಜ ಕೆಳಮುಖವಾಗಿ ಮಳೆ ಬಿಸಿಲು ತಾಗದ ಹಾಗೆ ಅದು ಮಾಡಿಕೊಂಡಿದ್ದ ಏರ್ಪಾಡನ್ನು ತಪ್ಪಿಸಿ, ಗಿಳಿಗಳಿಗೆ ಬಾಳೆಎಲೆ ಹಾಕಿ ಬಡಿಸಿದ ಹಾಗೆ ಮಾಡಿದ್ದೆ.

ಗಿಳಿಗಳು ಬಿಟ್ಟದ್ದನ್ನು ಅತ್ತೆ ಒಣಗಿಸಿದರು. ಹಿಂದೆಲ್ಲ ಬೀಜದ ಭತ್ತವನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಚೆಂಡಿನ ಹಾಗೆ ಮುಡಿ ಕಟ್ಟಿ ಇಡುತ್ತಿದ್ದರು. ಎಂತಹ ಮಳೆಗಾಲದಲ್ಲೂ ಅದರೊಳಗಿನ ಕಾಳು ಹಾಳಾಗುವುದಿಲ್ಲ. ಅತ್ತೆ ಅದೇ ಹದದಲ್ಲಿ ಒಂದು ತೆಂಗಿನಕಾಯಿಯಷ್ಟು ದೊಡ್ಡ ಮುಡಿ ಕಟ್ಟಿದರು. ಒಲೆಯ ಮೇಲೆ, ಹೊಗೆ ತಾಗುವಲ್ಲಿ ತೂಗುಹಾಕಿದರು. ದೀಪಾವಳಿ ಕಳೆದ ಮೇಲೆ ಬಿಚ್ಚಿ ಬಿತ್ತಿದೆವು. ಮತ್ತೆ ಅದೇ ಟೊಪ್ಪಿ, ಅದೇ ರಭಸ, ಅದೇ ಊರಿಗೆ ಬೆನ್ನು.

“ಅತ್ತೆ, ಈಗ ಇದಕ್ಕೆ ಹೆಸ್ರ್ ಆಯ್ತಲ್ದಾ?” ಎಂದು ಮೆಲ್ಲಗೆ ಕೇಳಿದೆ.

“ಮಳೆಗಾಲ ಕಳೀಲಿ.”

“ಅದ್ ಮಳೆಗಾಲಕ್ಕೆ ಇರ್ತಿಲ್ಲೆ ಅಲ್ದಾ?”

“ಹಾಂಗಾರೆ ಇಲ್ಲೆ.”

ಕಾನೂನೆಂದರೆ ಕಾನೂನು. ನನಗೂ ಹಟ. ಮುಂದಿನ ವರ್ಷ ಬೇಕೆಂದೇ ಮುಡಿಯ ಒಂದಷ್ಟು ಬೀಜ ತೆಗೆದು ಮೇ ತಿಂಗಳಿನಲ್ಲಿ ಬಿತ್ತಿದೆ. ಮಳೆ ಬಿತ್ತು, ಗಿಡ ಕೊಳೆಯಿತು. ಅದರ ಮುಂದಿನ ವರ್ಷ ಮಾಡಿನ ಅಡಿಯಲ್ಲಿ ಡಬ್ಬದಲ್ಲಿಟ್ಟು, ಮೇಲೆ ಪ್ಲಾಸ್ಟಿಕ್ ಕಟ್ಟಿ, ಅಂಗಳಕ್ಕೆ ಸ್ವಲ್ಪ ಬಿಸಿಲು ಬಿದ್ದರೆ ಡಬ್ಬ ಹೊತ್ತುಕೊಂಡು ಓಡಿದೆ. ಬಿಸಿಲಿಲ್ಲದೆ ಅದು ಬಳ್ಳಿಯ ಹಾಗೆ ಸೊರಗಿ ಗೋಡೆಗೆ ಒರಗಿತು. ನಮ್ಮನೆಯವರು, “ಅದಕ್ಕೊಂದ್ ಕೊಡೆ ಹಿಡ್ಕಂಡ್ ನಿಂತ್ಕೊ,” ಎಂದರು. ನಿಜ ಹೇಳಲೇ? ಅದನ್ನೂ ಒಂದು ದಿನ ಮಾಡಿ ನೋಡಿದ್ದೇನೆ.

ವರ್ಷಗಳು ಹೋದವು. ಮಕ್ಕಳಾದರು, ಶಾಲೆಗೆ ಹೋದರು. ಮಾವ ತೀರಿಕೊಂಡರು. ಒಲೆ ಹೋಗಿ ಗ್ಯಾಸ್ ಬಂತು, ಮುಡಿ ಮಾತ್ರ ಅದೇ ಕೊಕ್ಕೆಯಲ್ಲಿ ನೇತಾಡಿತು. ಹೆಸರಿನ ಮಾತು ನಾನು ಬಿಟ್ಟೆ, ಬಿತ್ತುವುದನ್ನು ಬಿಡಲಿಲ್ಲ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅದೇ ಬೇಲಿಯ ಬುಡದಲ್ಲಿ, ಬೀಜ ಬಲಿತರೆ ಮಳೆಗಾಲಕ್ಕೆ ಮತ್ತೆ ಮುಡಿಯೊಳಗೆ. ಸಾಯುವುದು ನಿನ್ನ ಹಟವಾದರೆ ಬಿತ್ತುವುದು ನನ್ನ ಹಟ ಎಂದುಕೊಳ್ಳುತ್ತಿದ್ದೆ. ಊರವರೆಲ್ಲ ಅದಕ್ಕೆ ಸೂರ್ಯಕಾಂತಿ ಎಂದರು. ಅತ್ತೆಯ ಬಾಯಲ್ಲಿ ಮಾತ್ರ ಅದು ಇನ್ನೂ “ಹೊಸ್ತ್”.

ಆಮೇಲೆ ರಸ್ತೆ ಅಗಲವಾಯಿತು. ಅಳತೆಯವರು ಬಂದು ಕಲ್ಲು ನೆಟ್ಟಾಗಲೇ ಗೊತ್ತಾಯಿತು, ಮನೆ ಉಳಿಯುತ್ತದೆ, ಅಂಗಳ ಉಳಿಯುವುದಿಲ್ಲ. ಯಂತ್ರ ಬಂದದ್ದು ಸುಡು ಬೇಸಿಗೆಯಲ್ಲಿ. ಹಿಂದಿನ ದಿನವೆಲ್ಲ ಅತ್ತೆಯೂ ನಾನೂ ಗೆಲ್ಲು ಕೊಯ್ದದ್ದೇ ಕೊಯ್ದದ್ದು. ಮನೆಯ ಹಿಂದೆ ಗಟ್ಟಿ ಕೆಂಪು ಮುರಕಲ್ಲಿನ ನೆಲ, ಅಲ್ಲಿಯೇ ಗುಂಡಿ ತೋಡಿ ನೆಟ್ಟೆವು. ಅತ್ತೆಗೆ ಮಂಡಿ ನೋವು. ಕೂತು ಕೂತೇ ಗುಂಡಿಯಿಂದ ಗುಂಡಿಗೆ ಜರುಗುತ್ತಿದ್ದರು. ಬೇಡವೆಂದರೆ ಕೇಳಬೇಕಲ್ಲ. ಮರುದಿನ ಯಂತ್ರದ ಕೈ ಯಡ್ತರೆಯನ್ನು ಬೇರುಸಹಿತ ಎತ್ತಿದಾಗ ಅತ್ತೆ ಬಾಗಿಲು ಹಾಕಿಕೊಂಡು ಒಳಗಿದ್ದರು.

ದಾಸವಾಳ ಬದುಕಿತು. ಅದು ನಮ್ಮೆಲ್ಲರ ಬೊಜ್ಜದ ಊಟ ಉಂಡು ಹೋಗುವ ಜಾತಿ. ಮಲ್ಲಿಗೆ ಒಣಗಿತು. ಅಬ್ಬಲಿಗೆ ಹೂವಿನ ಗಿಡವೂ ಒಣಗಿತು. ಯಡ್ತರೆಯ ಗೆಲ್ಲು ಒಂದೂ ಹಿಡಿಯಲಿಲ್ಲ. ಆ ಮಳೆಗಾಲವಿಡೀ ಅತ್ತೆ ಹಿಂದಿನ ಬಾಗಿಲಿನಲ್ಲಿ ಕೂತು ಆ ಒಣ ಕಡ್ಡಿಗಳನ್ನೇ ನೋಡುತ್ತಿದ್ದರು. ಒಂದೊಂದನ್ನೂ ಉಗುರಿನಿಂದ ಕೆರೆದು ಒಳಗೆ ಹಸಿರಿದೆಯೇ ಎಂದು ಹುಡುಕುತ್ತಿದ್ದರು. ಒಣ ಕಟ್ಟಿಗೆಯನ್ನು ಚಿಗುರಿಸಿದ ಕೈ ಅದು. “ನನ್ನ್ ಕೈ ಹೋಯ್ತ್ ಹೆಣ್ಣೇ,” ಎಂದರು ಒಂದು ದಿನ. ಅತ್ತೆ ಹಾಗೆ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ದೀಪಾವಳಿ ಕಳೆಯಿತು. ನಾನು ಸ್ಟೂಲು ಹತ್ತಿ ಮುಡಿ ಇಳಿಸಿ ಅತ್ತೆಯ ಮಡಿಲಲ್ಲಿ ಇಟ್ಟೆ.

“ಎಲ್ಲಿ ಬಿತ್ತುದ್? ಜಾಗ ಎಲ್ಲಿತ್?” ಎಂದರು.

“ಇತ್ ಅತ್ತೆ. ನೀವ್ ಬಿಚ್ಚಿ.”

ಮೆಟ್ಟಿಲಿಗೂ ಹೊಸ ರಸ್ತೆಯ ಚರಂಡಿಗೂ ನಡುವೆ ಒಂದು ಮೊಳ ಮಣ್ಣು ಉಳಿದಿತ್ತು. ಜಲ್ಲಿಕಲ್ಲು ಹೆಕ್ಕಿ ಹೆಕ್ಕಿ ನನ್ನ ಬೆರಳು ಒಡೆದಿದ್ದವು. ಅತ್ತೆ ಮುಡಿ ಬಿಚ್ಚಿದರು. ಒಂದು ಬೀಜ ತೆಗೆದು ಕಡಿಯಲು ನೋಡಿದರು. ಹಲ್ಲಿಲ್ಲ. ನನ್ನ ಕೈಗೆ ಕೊಟ್ಟರು, ನಾನು ಕಡಿದೆ. ಕಟಂ ಎಂದಿತು. ಮೆಟ್ಟಿಲ ಮೇಲೆ ಕೂತು ಅವರೇ ಬಗ್ಗಿ ಒಂದೊಂದಾಗಿ ಬೀಜ ಊರಿದರು.

ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಹೊರಗೆ ಬಸ್ಸು ಕಾಯುತ್ತಿದ್ದ ಯಾರೋ ಹೆಂಗಸು ಮೆಟ್ಟಿಲ ಹತ್ತಿರ ಬಂದದ್ದು ಕೇಳಿಸಿತು. ನಮ್ಮ ಜಾತಿಯವಳೇ, ಗೆಲ್ಲಿನ ಜಾತಿ. “ಅಮ್ಮಾ, ಹೂಗ್ ಭಾರೀ ಲಾಯ್ಕಿತ್. ಒಂದ್ ಗೆಲ್ಲ್ ಮುರ್ಕಂಬ್ದಾ?”

“ಅದಕ್ಕೆ ಗೆಲ್ಲ್ ಆತಿಲ್ಲೆ. ಬೀಜ ಆದ್ ಮೇಲೆ ಬಾ, ಕೊಡ್ತೆ,” ಎಂದರು ಅತ್ತೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ, ಒಳಗಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಅದ್ ಬಾರ್ಕೂರು.”

ದೋಸೆ ಕರಟಿತು. ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದೆ. ಬೆಳಗಿನ ಬಿಸಿಲು ಮಾಡಿನ ಮೇಲಿನಿಂದ ಇಳಿಯುತ್ತಿತ್ತು. ಹೂವುಗಳು ಹೆದ್ದಾರಿಗೆ ಬೆನ್ನು ಹಾಕಿ ನಮ್ಮ ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಬಂದವಳು ಜಗಳದ ಮಾತನ್ನೇ ಆಡಿದೆ.

“ಅದ್ ಒಂದ್ ಮಳೆಗಾಲನೂ ಕಳೀಲಿಲ್ಲೆ ಅಲ್ದಾ ಅತ್ತೆ?”

ಅತ್ತೆ ನನ್ನ ಕಡೆ ತಿರುಗಲಿಲ್ಲ. ಹೂವನ್ನೇ ನೋಡುತ್ತಾ ಹೇಳಿದರು:

“ಎಷ್ಟ್ ಮಳೆಗಾಲ ಕಳೀತ್ ಹೆಣ್ಣೇ, ಆ ಮುಡಿಯೊಳ್ಗೆ.”